ಎಡತೋಳು ಅರ್ಧ ಇಂಚು

ನನ್ನ ಕಣ್ಣಿಗೆ ಗಜೇಂದ್ರಗಡದ ಪೇಟೆಯಲ್ಲಿ ಒಂದು ಹೆಸರಿದೆ. ಮೂವತ್ತು ವರ್ಷದಿಂದ ಇಲ್ಲಿ ಹೆಂಗಸರು ಸೀರೆಗೆ ತೊಡುವ ಜಂಪರ್ ಹೊಲಿಯುತ್ತ ಬಂದಿದ್ದೇನೆ. ಬೇರೆ ಟೇಲರ್ ಹೊಲಿದದ್ದನ್ನು ಯಾರಾದರೂ ತಂದು ಮುಂದೆ ಹಾಕಿದರೆ ಅದರ ಹುಳುಕು ಹುಡುಕಲು ನನಗೆ ಚಹಾ ಆರುವಷ್ಟು ಹೊತ್ತೂ ಬೇಡ. ಭುಜ ಎಲ್ಲಿ ಇಳಿದಿದೆ, ಬಗಲಲ್ಲಿ ಎಲ್ಲಿ ಬಟ್ಟೆ ಹಿಡಿದಿದೆ, ಯಾವ ಕಾಜಾ ಅವಸರದಲ್ಲಿ ಹಾಕಿದ್ದು, ಎಲ್ಲ ತಾನಾಗಿಯೇ ಕಾಣುತ್ತದೆ. ಇದನ್ನು ದೇವರು ಕೊಟ್ಟ ಗುಣ ಎಂದುಕೊಂಡು ಎದೆಯುಬ್ಬಿಸಿ ತಿರುಗಿದವನು ನಾನು. ತಂಗಿ ತೀರಿಕೊಂಡು ವರ್ಷವಾಗುತ್ತ ಬಂತು. ಈಗ ಈ ಕಣ್ಣಿನ ಮೇಲೆ ಇರುವಷ್ಟು ಸಿಟ್ಟು ನನಗೆ ಇನ್ಯಾರ ಮೇಲೂ ಇಲ್ಲ. ಕಿತ್ತೆಸೆಯೋಣವೆಂದರೆ ಹೊಟ್ಟೆ ತುಂಬಿಸುವುದೂ ಇದೇ.

ಕಣ್ಣು ಚುರುಕಾಗಿರುವವನಿಗೆ ಎಲ್ಲ ಕಾಣುತ್ತದೆ ಎಂದು ಜನ ತಿಳಿಯುತ್ತಾರೆ. ಹಾಗೇನಿಲ್ಲ. ನನ್ನ ಕಣ್ಣು ಹೊಲಿಗೆ ಇರುವಲ್ಲಿಗೆ ಹೋಗುತ್ತದೆ, ಹೋಗಿ ಅಲ್ಲಿಯೇ ಕೂರುತ್ತದೆ. ಒಮ್ಮೆ ನರಗುಂದದಲ್ಲಿ ನೆಂಟರ ಮದುವೆಗೆ ಹೋಗಿ ಬಂದೆ. ಹೆಂಡತಿಗೆ ಮೈಯಲ್ಲಿ ಚೆನ್ನಾಗಿರಲಿಲ್ಲ, ಅವಳು ಮನೆಯಲ್ಲೇ ಉಳಿದಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಮದುಮಗ ಹ್ಯಾಂಗದಾನ್ರಿ?"

"ಕಾಲರ್ ಕುತ್ತಿಗಿಗೆ ಕುಂತಿಲ್ಲ. ಬೆನ್ನಾಗ ಬಟ್ಟಿ ಎದ್ದು ನಿಂತೈತಿ."

"ನಾ ಕೇಳಿದ್ದು ಮದುಮಗನ್ನ."

ಬಣ್ಣ, ಎತ್ತರ, ಮೂಗು, ಒಂದೂ ನೆನಪಿರಲಿಲ್ಲ. ಹುಡುಗ ನಕ್ಕನೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ. ಅವಳು ಹಣೆ ಬಡಿದುಕೊಂಡಳು. "ಮನಿಗೆ ಬೆಂಕಿ ಬಿದ್ರೂ ನೀವು ಪರದೇದ ಅಂಚು ಎಷ್ಟು ಇಂಚು ಸುಟ್ಟೈತಿ ಅಂತ ಅಳತಿ ಮಾಡಾವ್ರು," ಅಂದಳು. ಆಮೇಲೆ ಅಂಗಡಿಗೆ ಬಂದವರ ಮುಂದೆಲ್ಲ ಇದನ್ನು ಹೇಳಿ ನಗಿಸುತ್ತಿದ್ದಳು. ನಾನೂ ನಗುತ್ತಿದ್ದೆ. ಈಗ ಅವಳು ಆ ಮಾತು ಎತ್ತುವುದಿಲ್ಲ.

ಇನ್ನೊಮ್ಮೆ ರೋಣದ ಬಸ್ ನಿಲ್ದಾಣದಲ್ಲಿ ಗದಗಿನ ಬಸ್ಸು ಕಣ್ಣೆದುರಿಗೇ ಬಂದು, ನಿಂತು, ಜನ ತುಂಬಿಕೊಂಡು ಹೋಗಿಬಿಟ್ಟಿತು. ನಾನು ಪಕ್ಕದಲ್ಲಿ ಕುಳಿತಿದ್ದ ಮುದುಕಿಯ ಚೀಲಕ್ಕೆ ಹಾಕಿದ್ದ ತೇಪೆ ನೋಡುತ್ತ ಕುಳಿತಿದ್ದೆ. ಏನು ಕೈಹೊಲಿಗೆ ಅಂತೀರಿ! ಅಂಥ ಹೊಲಿಗೆ ಹಾಕುವವರು ಈಗ ಇಲ್ಲ. ನಾನು ಹೊರಟಿದ್ದು ಒಬ್ಬ ಹಳೆಯ ಗೆಳೆಯನ ಮಣ್ಣಿಗೆ. ಮಣ್ಣು ಮುಗಿದು ಜನ ಸ್ನಾನ ಮಾಡಿಕೊಂಡು ಕುಳಿತಿದ್ದ ಹೊತ್ತಿಗೆ ಹೋಗಿ ಮುಟ್ಟಿದೆ.

ತಂಗಿ ನನಗಿಂತ ಎಂಟು ವರ್ಷಕ್ಕೆ ಸಣ್ಣವಳು. ಅವಳನ್ನು ಕೊಟ್ಟಿದ್ದು ಕೊಣ್ಣೂರಿಗೆ. ಗಂಡ ಲಾರಿ ಡ್ರೈವರ್. ಒಳ್ಳೆಯವನೇ, ಆದರೆ ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಅದೇ ಹೆಚ್ಚು. ಮಕ್ಕಳಾಗಲಿಲ್ಲ. ಮನೆಯಲ್ಲಿ ಅವಳು, ಅವಳ ಅತ್ತೆ, ಇಬ್ಬರೇ. ಆ ಅತ್ತೆಯನ್ನು ಕಂಡರೆ ನನಗಾಗುತ್ತಿರಲಿಲ್ಲ. ಬಾಯಿ ಜೋರು, ಹೋದಾಗಲೆಲ್ಲ ಏನಾದರೊಂದು ಕೊಂಕು. ಅಪ್ಪ ಅವ್ವ ಹೋದ ಮೇಲೆ ತಂಗಿಗೆ ತವರು ಅಂದರೆ ನಾನು, ನನ್ನ ಹೆಂಡತಿ, ಅಂಗಡಿಯ ಹಿಂದಿನ ಈ ಎರಡು ಕೋಣೆ.

ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ತವರಿಗೆ ಬರಲೇಬೇಕು, ಕರೆಯುವುದಕ್ಕೆ ಅಣ್ಣ ಹೋಗಲೇಬೇಕು. ಒಂದು ವರ್ಷ ಮಲಪ್ರಭೆ ಸೇತುವೆಯ ಮೇಲೆ ಬಂದು ದಾರಿ ನಿಂತಿತು. ನೀರು ಇಳಿದ ಮೇಲೆ, ಹಬ್ಬ ಮುಗಿದು ಮೂರನೇ ದಿನ ಅವಳನ್ನು ಕರೆತಂದೆ. ಅಲ್ಲಿಯವರೆಗೂ ಹಬ್ಬಕ್ಕೆ ಕಟ್ಟಿದ ಜೋಕಾಲಿ ಬಿಚ್ಚಿರಲಿಲ್ಲ. ಅವಳು ಬರುವ ಹೊತ್ತಿಗೆ ಖಣದ ಹೊಸ ಜಂಪರ್ ಗೂಟದಲ್ಲಿ ತೂಗುತ್ತಿರಬೇಕು. ಉಂಡಿ ಕಟ್ಟುವುದು ಹೆಂಡತಿಯ ಕೆಲಸ, ಜಂಪರ್ ನನ್ನ ಕೆಲಸ.

ಹೆಂಗಸರ ಮೈಗೆ ನಾವು ಟೇಪು ಹಚ್ಚುವವರಲ್ಲ. ಈಗಿನ ಹುಡುಗರದು ಬೇರೆ, ನನ್ನ ವಾರಿಗೆಯ ಟೇಲರುಗಳ ರೀತಿ ಇದು. ಮೈಗೆ ಸರಿಯಾಗಿ ಕೂರುವ ಹಳೆಯದೊಂದನ್ನು ಅವರು ತರುತ್ತಾರೆ, ನಾವು ಅದನ್ನು ಹಾಸಿ ಅಳತೆ ತೆಗೆಯುತ್ತೇವೆ. ತಂಗಿಯದಕ್ಕೆ ಅದೂ ಬೇಕಿರಲಿಲ್ಲ. ಅವಳ ಮದುವೆಯ ಜಂಪರ್ ಹೊಲಿದಾಗ ಖಾಕಿ ಕಾಗದದಲ್ಲಿ ಕತ್ತರಿಸಿಟ್ಟ ಅಳತೆ ಮಷೀನಿನ ಹಿಂದೆ ಮೊಳೆಗೆ ಸಿಕ್ಕಿಸಿತ್ತು. ಹದಿನೆಂಟು ವರ್ಷ ಆ ಕಾಗದದ ಮೇಲಿಟ್ಟೇ ಬಟ್ಟೆ ಕತ್ತರಿಸಿದೆ. ಮೈ ತುಂಬಿಕೊಂಡಾಗ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕಾಲಿಂಚು, ಅರ್ಧ ಇಂಚು ಎಂದು ಬರೆದಿಡುತ್ತಿದ್ದೆ. ಖರೇ ಹೇಳಬೇಕೆಂದರೆ, ತಂಗಿಗಿಂತ ಆ ಕಾಗದವೇ ನನಗೆ ಹೆಚ್ಚು ಪರಿಚಯವಾಗಿತ್ತು.

ಎರಡು ವರ್ಷದ ಹಿಂದಿನ ಪಂಚಮಿಯಲ್ಲಿ ಅವಳು ಹೊಸ ಜಂಪರ್ ತೊಟ್ಟು ಒಳಗಿನಿಂದ ಬಂದಳು. ಬಂದವಳು ಎಂದಿನಂತೆ ಕನ್ನಡಿಯ ಕಡೆಗೆ ಹೋಗಲಿಲ್ಲ, ನನ್ನ ಮಷೀನಿನ ಹತ್ತಿರ ಬಂದು ನಿಂತಳು.

"ಅಣ್ಣಾ, ಎಡಗಡೆ ತೋಳು ಬಿಗಿ ಆಗೈತಿ."

ಹದಿನೆಂಟು ವರ್ಷದಲ್ಲಿ ಮೊದಲ ಸಲ! ನನಗೆ ಕಪಾಳಕ್ಕೆ ಹೊಡೆದಂತಾಯಿತು. ನೋಡಿದೆ. ಬಲತೋಳು ಸರಿಯಾಗಿದೆ, ಎಡತೋಳಿನ ಅಂಚು ಮಾತ್ರ ಕೈಯೊಳಗೆ ಹೂತು ಕೆಂಪು ಗೆರೆ ಮೂಡಿಸಿದೆ. ಬೆನ್ನು ತುಸು ಸಡಿಲ. ಖಣ ನೀರಿಗೆ ಕುಗ್ಗಿದೆಯೋ, ಕತ್ತರಿ ಜಾರಿತೋ ಎಂದು ತಲೆ ಕೆಡಿಸಿಕೊಂಡೆ. ಅವಳು ತೋಳನ್ನು ಮುಂದೆ ಚಾಚಿ ಹಿಡಿದೇ ಇದ್ದಳು.

"ಎಡಗೈ ಸ್ವಲ್ಪ ಬಾತಂಗ ಕಾಣತೈತೇನಣ್ಣಾ?"

ಈ ಪ್ರಶ್ನೆಯನ್ನು ಇನ್ನಾರನ್ನು ಕೇಳಿದ್ದರೂ, ಏನಾಯಿತವ್ವಾ ಎಂದು ಗಾಬರಿಯಾಗುತ್ತಿದ್ದರು. ಅವಳು ಟೇಲರನನ್ನು ಕೇಳಿದಳು. ಟೇಲರನಿಗೆ ಗೊತ್ತಿರುವ ಮೊದಲ ಪಾಠವೆಂದರೆ ಯಾರ ಎರಡು ಕೈಯೂ ಒಂದೇ ಸಮ ಇರುವುದಿಲ್ಲ ಎಂಬುದು. ರೊಟ್ಟಿ ಬಡಿಯುವವರಿಗೆ ಬಲಗೈ ದಪ್ಪ. ಇವಳದು ಎಡಗೈ ಯಾಕೆ ಎಂದು ಯೋಚಿಸಿ ಅದಕ್ಕೂ ಉತ್ತರ ಹುಡುಕಿದೆ.

"ನೀ ಎಡಕ್ಕ ಕೊಡ ಇಟಗೊಂಡು ನೀರು ತರತಿ ನೋಡು, ಅದಕ್ಕ ಆ ಕೈಗೆ ಬಲ ಬಂದೈತಿ. ಎಲ್ಲಾರಿಗೂ ಹಿಂಗ ಇರತೈತಿ. ತಗಿ, ಐದು ನಿಮಿಷದಾಗ ಸಡಲ ಮಾಡಿ ಕೊಡ್ತೀನಿ."

ಉತ್ತರ ಸಿಕ್ಕಿದ್ದಕ್ಕೆ ನನಗೆ ಎಂಥ ಸಮಾಧಾನ! ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯನ್ನು ಹೊರಗೆ ತಂದು ಮತ್ತೆ ಹೊಲಿದೆ. ಕಾಗದದ ಮೇಲೆ ಬರೆದೆ: ಎಡತೋಳು ಅರ್ಧ ಇಂಚು, ಪಂಚಮಿ. ಅವಳು ಮತ್ತೆ ತೊಟ್ಟು ಬಂದು, ಚಲೋ ಆತಣ್ಣಾ ಎಂದಳು. ಅಷ್ಟು ಹೊತ್ತು ಹಿಡಿದಿಟ್ಟ ಉಸಿರನ್ನು ಬಿಟ್ಟಂತೆ ಅವಳ ಮುಖ ಹಗುರಾಗಿತ್ತು. ಜಂಪರ್ ಸರಿಯಾಗಿದ್ದಕ್ಕೆ ಎಂದುಕೊಂಡೆ.

ದೀಪಾವಳಿಗೆ ಬಂದಾಗ, ಹೊಸ ಅಳತೆಯಲ್ಲಿ ಹೊಲಿದದ್ದೂ ಎಡತೋಳಿಗೆ ಹತ್ತಲಿಲ್ಲ. ಉಳಿದದ್ದೆಲ್ಲ ಇನ್ನೂ ಸಡಿಲ. ಭುಜ ಇಳಿದುಬಿದ್ದು, ಎಡಗಡೆ ಕೊರಳಿನಿಂದ ಬಗಲಿನವರೆಗೆ ಓರೆಯಾಗಿ ಒಂದು ಸುಕ್ಕು ಬೀಳುತ್ತಿತ್ತು. ಆ ಸುಕ್ಕು ನನ್ನ ತಲೆ ತಿಂದಿತು. ಅಂಗಡಿಯಲ್ಲಿ ಬೇರೆಯವರ ಹಬ್ಬದ ಬಟ್ಟೆ ರಾಶಿ ಬಿದ್ದಿದ್ದರೂ ಎಲ್ಲ ಪಕ್ಕಕ್ಕಿಟ್ಟು ಆ ಜಂಪರನ್ನು ಮೂರು ಸಲ ಬಿಚ್ಚಿ ಮೂರು ಸಲ ಹೊಲಿದೆ. ಸುಕ್ಕು ಹೋಗಲಿಲ್ಲ. ಎದೆಯ ಎಡಭಾಗದಲ್ಲಿ ಬಟ್ಟೆ ಒಳಗಿನಿಂದ ಎಳೆದಂತೆ ನಿಲ್ಲುತ್ತಿತ್ತು. ತಂಗಿಯಲ್ಲವೇ, ಅಲ್ಲಿ ನೋಡುವುದು ಹೇಗೆ? ಕಣ್ಣನ್ನು ಭುಜದ ಮೇಲೆಯೇ ಇಟ್ಟೆ.

ಪಕ್ಕದ ಅಂಗಡಿಯ ಚಾಚಾ ಗುಂಡಿ, ಹುಕ್ಕು, ದಾರ, ಒಳಪದರಿನ ಅಸ್ತರ್ ಮಾರುವವನು. ಅಪ್ಪನ ಕಾಲದಿಂದ ನಮ್ಮ ನೆರೆ. ನಾನು ದಾರಕ್ಕೆಂದು ಹೋದಾಗ ಕೇಳಿದ.

"ತಮ್ಮಾ, ತಂಗಿ ಯಾಕಷ್ಟು ಸೊರಗ್ಯಾಳ? ಮಾರಿ ಮ್ಯಾಲ ಕಳೇನ ಇಲ್ಲ."

"ಇಲ್ಲ ಚಾಚಾ, ಅಕಿ ಹಂಗ ಅದಾಳ. ನನ್ನ ಕಟಿಂಗ್‌ನ್ಯಾಗ ಏನೋ ತಪ್ಪೈತಿ. ಜಂಪರ್ ಸಡಲ ಆಗಿ ಹಂಗ ಕಾಣಾಕತ್ತೈತಿ."

ಚಾಚಾ ನನ್ನ ಮುಖವನ್ನು ಒಂದು ಗಳಿಗೆ ನೋಡಿ ದಾರದ ಉಂಡೆ ಕೈಗೆ ಕೊಟ್ಟ. ಪೇಟೆಯಲ್ಲಿ ಜಂಪರಿನ ವಿಷಯದಲ್ಲಿ ನನ್ನ ಮಾತಿಗೆ ಎದುರು ಹೇಳುವವರಿರಲಿಲ್ಲ.

ಮರುದಿನ ಮಧ್ಯಾಹ್ನ, ಹೆಂಡತಿ ಒಳಗೆ ಕರ್ಚಿಕಾಯಿ ಕರಿಯುತ್ತಿದ್ದಾಗ, ತಂಗಿ ಅಂಗಡಿ ಮತ್ತು ಮನೆಯ ನಡುವಿನ ಬಾಗಿಲಿಗೆ ಬಂದು ಪರದೆ ಹಿಡಿದು ನಿಂತಳು. ನನ್ನ ಬಾಯಿತುಂಬ ಟಾಚಣಿ. ಒಂದೊಂದಾಗಿ ತೆಗೆದು ಅವಳ ಜಂಪರಿನ ಭುಜಕ್ಕೇ ಚುಚ್ಚುತ್ತಿದ್ದೆ.

"ಅಣ್ಣಾ, ಒಂದಿನ ನನ್ನ ಗದಗಿಗೆ ಕರಕೊಂಡು ಹೋಗ್ತೀಯೇನು?"

"ಗದಗಿನ್ಯಾಗ ಏನೈತಿ?"

"ಏನಿಲ್ಲ. ಸುಮ್ನ. ಒಂದು ಕೆಲಸ ಇತ್ತು."

"ಅಸ್ತರ್ ಬೇಕಂದ್ರ ಚಾಚಾನ ಅಂಗಡ್ಯಾಗ ಐತಿ. ಗದಗಿಗಿಂತ ಚಲೋ ಮಾಲು ಇಡ್ತಾನ."

ಅವಳು ಸ್ವಲ್ಪ ನಕ್ಕಳು. "ಹಂಗಂದ್ರ ಬಿಡು," ಅಂದಳು. ಆದರೆ ಹೋಗಲಿಲ್ಲ, ನಿಂತೇ ಇದ್ದಳು. ಪರದೆಯ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ನಾನು ಅವಳ ಕಡೆ ತಿರುಗಿ ನೋಡಿದೆ. ಇಲ್ಲ, ನೋಡಲಿಲ್ಲ ಎಂದು ಸುಳ್ಳು ಹೇಳಿಕೊಂಡು ತಪ್ಪಿಸಿಕೊಳ್ಳಲು ನನಗೆ ದಾರಿಯಿಲ್ಲ, ಚೆನ್ನಾಗಿಯೇ ನೋಡಿದೆ. ಕಂಡದ್ದು ಪರದೆಯ ಅಂಚು. ಅದರ ಹೊಲಿಗೆ ಒಂದು ಗೇಣು ಬಿಚ್ಚಿತ್ತು. ಅವಳು ಒಳಗೆ ಹೋದ ಮೇಲೆ ಪರದೆ ಇಳಿಸಿ, ಆ ಒಂದು ಗೇಣನ್ನು ಹೊಲಿದು, ಮತ್ತೆ ಕಟ್ಟಿದೆ. ಕಾಗದದ ಮೇಲೆ ಬರೆದೆ: ಎಡತೋಳು ಒಂದು ಇಂಚು, ದೀಪಾವಳಿ. ಅದರ ಕೆಳಗೆ, ಬೆನ್ನು ಮುಕ್ಕಾಲು ಇಂಚು ಕಡಿಮೆ.

ಅವಳು ಊರಿಗೆ ಹೋಗುವಾಗ ಬಸ್ ಹತ್ತಿಸಿ, "ಯುಗಾದಿಗೆ ಬಾ, ಆ ಸುಕ್ಕು ತಗದ ತಗೀತೀನಿ," ಎಂದೆ. ಅಷ್ಟು ಬಿಟ್ಟು ಬೇರೆ ಮಾತೇ ಆಡಲಿಲ್ಲ.

ಯುಗಾದಿಯ ಬೆಳಿಗ್ಗೆ ಎಣ್ಣೆ ಹಚ್ಚಿ ನೀರು ಹಾಕುವುದು ನಮ್ಮಲ್ಲಿ ಅತ್ತಿಗೆಯ ಕೆಲಸ. ದೀಪಾವಳಿಯಲ್ಲಿ ತಂಗಿ, ನಾನೇ ಹಾಕಿಕೊಳ್ಳುತ್ತೇನೆ ವೈನಿ ಎಂದು ಬಚ್ಚಲ ಬಾಗಿಲು ಮುಚ್ಚಿಕೊಂಡಿದ್ದಳು. ಈ ಸಲ ನನ್ನ ಹೆಂಡತಿ ಕೇಳಲಿಲ್ಲ, ಬೈದು ಒಳಗೆ ನುಗ್ಗಿದಳು. ನಾನು ಮಷೀನಿನ ಮುಂದೆ ಕುಳಿತಿದ್ದೆ. ಅವಳಿಗಾಗಿ ಹಸಿರು ಖಣದ ಜಂಪರ್; ಹಿಂದಿನ ಸಂಜೆ ದೀಪಾವಳಿಯದನ್ನು ತೊಡಿಸಿ ನೋಡಿ ಹೊಸ ಅಳತೆ ಬರೆದುಕೊಂಡಿದ್ದೆ. ಭುಜವನ್ನು ಈ ಸಲ ಬೇರೆ ರೀತಿಯಲ್ಲಿ ಕತ್ತರಿಸಿದ್ದೆ, ಗೆದ್ದೇಬಿಟ್ಟೆ ಅನ್ನಿಸಿತ್ತು. ಹೆಂಡತಿ ಎಣ್ಣೆಗೈಯಲ್ಲೇ ಹೊರಗೆ ಬಂದಳು.

"ಮಷೀನ್ ನಿಂದ್ರಸ್ರಿ."

"ತಡಿ, ಒಂದು ಹೊಲಿಗಿ..."

"ನಿಂದ್ರಸ್ರಿ ಅಂದ್ನೆಲ್ಲ!"

ಅಷ್ಟು ವರ್ಷದಲ್ಲಿ ಅವಳು ನನ್ನ ಮೇಲೆ ಕೂಗಿದ್ದು ಅದೊಂದೇ ಸಲ. ತಂಗಿಯ ಎಡ ಎದೆಯಲ್ಲಿ ಲಿಂಬಿಹಣ್ಣಿನಷ್ಟು ಗಂಟು, ಮೇಲಿನ ಚರ್ಮ ಒಡೆದಿದೆ, ಬಗಲಲ್ಲಿಯೂ ಗಂಟುಗಳಿವೆ ಎಂದು ಹೇಳಿದಳು. ಹೇಳಿ ನೆಲಕ್ಕೆ ಕುಳಿತು ಅತ್ತಳು. ನಾನು ಎದ್ದು ನಿಂತೆ, ಮತ್ತೆ ಕುಳಿತೆ. ಮಷೀನಿನ ಮೇಲೆ ಅರ್ಧ ಹೊಲಿದ ಎಡತೋಳು ಇತ್ತು.

ಮರುದಿನ ಹುಬ್ಬಳ್ಳಿಯ ದೊಡ್ಡ ದವಾಖಾನಿಗೆ ಹೋದೆವು. ನೋಡಿದ ಡಾಕ್ಟರು ನನಗೆ ಮಗಳಾಗುವ ವಯಸ್ಸಿನ ಹೆಣ್ಣುಮಗಳು. ತಂಗಿಯನ್ನು ಒಳಗೆ ಪರೀಕ್ಷೆ ಮಾಡಿ ಬಂದು ನನ್ನ ಮುಂದೆ ಕುಳಿತಳು.

"ಕೈ ಬಾವು ಯಾವಾಗಿಂದ ಐತ್ರಿ? ಅಂದಾಜು ಹೇಳಿದ್ರೂ ನಡೀತೈತಿ."

ಅಂದಾಜು ಎಂಬ ಮಾತು ಕೇಳಿದರೆ ನನಗೆ ಸೇರುವುದಿಲ್ಲ. ನಾನು ಹೇಳಿದೆ: ಪಂಚಮಿಗೆ ಎಡತೋಳು ಅರ್ಧ ಇಂಚು ಹೆಚ್ಚು. ದೀಪಾವಳಿಗೆ ಒಂದು ಇಂಚು, ಬೆನ್ನು ಮುಕ್ಕಾಲು ಇಂಚು ಕಡಿಮೆ. ಯುಗಾದಿಗೆ ತೋಳು ಒಂದೂಮುಕ್ಕಾಲು, ಬೆನ್ನು ಒಂದೂವರೆ ಕಡಿಮೆ. ಭುಜ ಯಾವ ತಿಂಗಳಿನಿಂದ ಇಳಿಯಿತು, ಸುಕ್ಕು ಎಲ್ಲಿಂದ ಎಲ್ಲಿಗೆ ಬೀಳುತ್ತಿತ್ತು, ಅದನ್ನೂ ನನ್ನ ಅಂಗಿಯ ಮೇಲೆ ಬೆರಳಿನಿಂದ ಎಳೆದು ತೋರಿಸಿದೆ. ಅವಳು ಬರೆದುಕೊಳ್ಳುತ್ತ ಹೋದಳು. ಬರೆದು ಮುಗಿಸಿ ತಲೆ ಎತ್ತಿದಳು.

"ಇಷ್ಟು ಸ್ವಚ್ಛ ಯಾರೂ ಹೇಳೂದಿಲ್ಲ ನೋಡ್ರಿ. ಏನು ಕೆಲಸ ಮಾಡ್ತೀರಿ?"

"ಟೇಲರ್ ಅದೀನ್ರಿ."

ಇದನ್ನು ಬರೆಯದೆ ಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಬರೆಯುತ್ತೇನೆ. ಆ ಮಾತು ಕೇಳಿ ನನಗೆ ಹಿಗ್ಗಾಯಿತು. ಒಂದು ಕ್ಷಣ, ಒಳಗೆ ತಂಗಿ ಮಲಗಿರುವಾಗ, ನಾನು ಹಿಗ್ಗಿದೆ. ಆಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟು, ಪಂಚಮಿ ಹೊತ್ತಿಗೇ ಬಂದಿದ್ದರೆ ಏನಾದರೂ ದಾರಿ ಇರುತ್ತಿತ್ತೋ ಏನೋ, ಈಗ ನೋವು ಕಡಿಮೆ ಮಾಡುವುದಷ್ಟೇ ನಮ್ಮ ಕೈಯಲ್ಲಿರುವುದು ಎಂದು ಮೆಲ್ಲಗೆ ಹೇಳಿದಳು. ಅವಳ ಮುಂದಿನ ಹಾಳೆಯಲ್ಲಿ ನಾನು ಹೇಳಿದ ಇಂಚುಗಳು ಸಾಲಾಗಿ ಇದ್ದವು. ತಂಗಿಯ ಕಾಯಿಲೆ ಬೆಳೆದದ್ದನ್ನು ಹಬ್ಬ ಹಬ್ಬಕ್ಕೂ ಅಳೆದು ಬರೆದಿಟ್ಟವನು ನಾನು. ನನಗೊಬ್ಬನಿಗೆ ಅದು ಗೊತ್ತಿರಲಿಲ್ಲ.

ಮುಂದಿನ ತಿಂಗಳುಗಳನ್ನು ಬರೆಯಲಾರೆ. ಅವಳು ನಮ್ಮ ಮನೆಯಲ್ಲೇ ಇದ್ದಳು. ಗಂಡ ಲಾರಿ ಬಿಟ್ಟು ಬಂದು ಕಾಲ ಬಳಿ ಕುಳಿತಿರುತ್ತಿದ್ದ. ಪಂಚಮಿ ಇನ್ನು ಹನ್ನೆರಡು ದಿನ ಇರುವಾಗ ಹೋದಳು. ಹೇಳಬೇಕಾದದ್ದೂ ಅದಲ್ಲ. ನೋಡಿ, ಇಲ್ಲಿಯವರೆಗೆ ಬರೆದದ್ದರಲ್ಲಿಯೂ ನಾನು ಭುಜ, ಸುಕ್ಕು, ಪರದೆಯ ಅಂಚು ಎಂದು ಸುತ್ತಾಡಿದೆ; ಹೇಳಲೇಬೇಕಾದ ಮಾತನ್ನು ದೂರ ಇಡುತ್ತ ಬಂದೆ.

ಅದು ಹುಬ್ಬಳ್ಳಿಗೆ ಹೋದ ಮೊದಲ ದಿನ ವಾಪಸು ಬರುವಾಗಿನದು. ಗದಗಿನಲ್ಲಿ ಬಸ್ ಬದಲಿಸಿ ಕುಳಿತಿದ್ದೆವು. ತಂಗಿ ಕಿಟಕಿಯ ಪಕ್ಕ, ಹೆಂಡತಿ ಹಿಂದಿನ ಸೀಟಿನಲ್ಲಿ ತಲೆ ಒರಗಿಸಿ ಮಲಗಿದ್ದಳು. ಎಲ್ಲ ವಿಷಯ ತಂಗಿಗೆ ತಿಳಿದಿತ್ತು, ಡಾಕ್ಟರು ಮುಚ್ಚಿಟ್ಟಿರಲಿಲ್ಲ. ರೋಣ ದಾಟಿದ ಮೇಲೆ ಕೇಳಿದೆ.

"ನನಗರ ಬಾಯಿಬಿಟ್ಟು ಹೇಳಬಾರದಾಗಿತ್ತೇನವಾ?"

"ಅದನ್ನ ಅಣ್ಣನ ಮುಂದ ಹ್ಯಾಂಗ ಹೇಳ್ಲಿ? ಹೇಳಾಕ ಬರತೈತೇನು?" ಅಂದಳು. ಹೊರಗೆ ನೋಡುತ್ತಲೇ ಮುಂದುವರಿಸಿದಳು. "ಅದಕ್ಕ ತೋಳು ತೋರಿಸಿದ್ನಿ. ನೀ ನೋಡಿದಿ, ಎಲ್ಲಾರಿಗೂ ಹಿಂಗ ಇರತೈತಿ ಅಂದಿ. ನನಗ ಭಾಳ ಧೈರ್ಯ ಬಂತು."

ನಾನು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡೆ.

"ದೀಪಾವಳ್ಯಾಗ ಮತ್ತ ಅಂಜಿಕಿ ಆತು. ನೀ ಮೂರು ಸಲ ಬಿಚ್ಚಿ ಹೊಲದಿ, ಏನೂ ಅನಲಿಲ್ಲ. ನಿನ್ನ ಕಣ್ಣಿಗೆ ಬೀಳಲಾರದ್ದು ಏನಿರತೈತಿ? ಏನರ ಇದ್ದಿದ್ರ ನಮ್ಮಣ್ಣ ಹೇಳತಿದ್ದ ಅಂತ ಊರಿಗೆ ಹೋದ್ನಿ. ಸಂಕ್ರಾಂತಿ ಮುಂದ ನಮ್ಮತ್ತಿ ನೋಡಿಬಿಟ್ಲು. ಭಾಳ ಗದ್ದಲ ಮಾಡಿದ್ಲು, ನರಗುಂದದ ದವಾಖಾನಿಗೆ ಹೋಗೂಣು ನಡಿ ಅಂತ ಸೀರಿ ಉಟಗೊಂಡು ಬಾಗಲಾಗ ನಿಂತಿದ್ಲು. ನಾನ ಹೋಗ್ಲಿಲ್ಲ. ನಮ್ಮಣ್ಣ ನೋಡ್ಯಾನ, ಏನೂ ಇಲ್ಲಂತ, ಅಂತ ಹೇಳಿ ಅಕಿನ್ನ ಕುಂದ್ರಿಸಿದ್ನಿ."

ಇಷ್ಟು ಹೇಳಿ ನನ್ನ ಕಡೆ ತಿರುಗಿ, ಬಾತ ಎಡಗೈಯನ್ನು ಬಲಗೈಯಿಂದ ಎತ್ತಿ ನನ್ನ ಮೊಣಕಾಲ ಮೇಲೆ ಇಟ್ಟಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ನಾನು ಅಳುತ್ತಿದ್ದುದನ್ನು ನೋಡಿ, ನನಗೆ ಸಮಾಧಾನವಾಗಲಿ ಎಂದು ಅದನ್ನು ಹೇಳಿದ್ದಳು.